ಸುಂಕದಕಟ್ಟೆಯಿಂದ ಟೋಲ್‌ಗೇಟಿಗೆ: ಲಾರಿಯ ತೆರಿಗೆ ಮತ್ತು ರಸ್ತೆಯ ಲೆಕ್ಕ

ಮಾಗಡಿಯ ಕಡೆಯಿಂದ ಬೆಂಗಳೂರಿಗೆ ಬರುವ ಬಸ್ಸಿನಲ್ಲಿ ನೀವು ಪ್ರಯಾಣ ಮಾಡಿದ್ದರೆ ಕಂಡಕ್ಟರು ಕೂಗುವ ನಿಲ್ದಾಣಗಳ ಹೆಸರು ನೆನಪಿರಬಹುದು. ಮೊದಲು ಸುಂಕದಕಟ್ಟೆ. ಆಮೇಲೆ ಸುಮನಹಳ್ಳಿ, ಕಾಮಾಕ್ಷಿಪಾಳ್ಯ. ಬಸವೇಶ್ವರನಗರವನ್ನು ಎಡಕ್ಕೂ ವಿಜಯನಗರವನ್ನು ಬಲಕ್ಕೂ ಬಿಟ್ಟು ಮುಂದೆ ಬಂದರೆ ಟೋಲ್‌ಗೇಟ್. ಇಂದು ಆ ನಿಲ್ದಾಣದಲ್ಲಿ ಗೇಟೂ ಇಲ್ಲ, ಸುಂಕದಕಟ್ಟೆಯಲ್ಲಿ ಸುಂಕದವರೂ ಇಲ್ಲ. ಒಂದೇ ರಸ್ತೆಯ ಮೇಲೆ ಕೆಲವೇ ಕಿಲೋಮೀಟರು ಅಂತರದಲ್ಲಿ, ಒಂದು ಕನ್ನಡದಲ್ಲಿ, ಇನ್ನೊಂದು ಇಂಗ್ಲಿಷಿನಿಂದ ಬಂದು, ಒಂದೇ ಅರ್ಥ ಹೇಳುವ ಎರಡು ಹೆಸರುಗಳು ಮಾತ್ರ ಉಳಿದಿವೆ. ದಾರಿಯಲ್ಲಿ ಹೊರೆ ಸಾಗಿಸುವವನು ದಾರಿಗೆ ಹಣ ಕೊಡಬೇಕು ಎಂಬುದು ಆ ಅರ್ಥ.

ಎಷ್ಟು ಕೊಡಬೇಕು? ಯಾವ ಅಳತೆಯ ಮೇಲೆ ಕೊಡಬೇಕು? ಇದು ಕಾನೂನಿನ ಪ್ರಶ್ನೆ, ಭೌತವಿಜ್ಞಾನದ ಮೇಷ್ಟ್ರಿಗೆ ಇಲ್ಲೇನು ಕೆಲಸ ಎಂದು ನೀವು ಕೇಳಬಹುದು. ಅಳತೆ ಎಂಬ ಮಾತು ಬಂದ ಕೂಡಲೇ ನಮ್ಮ ಕೆಲಸ ಶುರುವಾಗುತ್ತದೆ. ಲಾರಿಯ ತೆರಿಗೆಯ ಇತಿಹಾಸವನ್ನು ಓದುತ್ತ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಸರ್ಕಾರಗಳು ಅಳೆಯಲು ಸುಲಭವಾದುದನ್ನು ಅಳೆದು ತೆರಿಗೆ ಹಾಕಿವೆ. ರಸ್ತೆ ಮಾತ್ರ ಬೇರೊಂದು ಲೆಕ್ಕ ಇಟ್ಟುಕೊಂಡಿದೆ.

ಹೇರು, ಬಂಡಿ, ರಹದಾರಿ

ನಮ್ಮ ಶಾಸನಗಳಲ್ಲಿ ಸುಂಕದ ಪ್ರಸ್ತಾಪ ಹೇರಳವಾಗಿದೆ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಮುಂತಾದ ಸುಂಕಗಳ ಹೆಸರು ಬರುತ್ತವೆ. 12ನೆಯ ಶತಮಾನದ ವಚನಕಾರರಲ್ಲಿ ಒಬ್ಬರ ಹೆಸರೇ ಸುಂಕದ ಬಂಕಣ್ಣ. ಆ ಕಾಲದ ಲೆಕ್ಕದ ಘಟಕಗಳು ಸರಳವಾಗಿದ್ದವು. ಎತ್ತಿನ ಬೆನ್ನಿನ ಮೇಲಿನ ಹೊರೆ ಒಂದು ಹೇರು. ಗಾಡಿಯ ಹೊರೆ ಒಂದು ಬಂಡಿ. ಹೇರಿಗಿಷ್ಟು, ಬಂಡಿಗಿಷ್ಟು ಎಂದು ಸುಂಕ. ತಕ್ಕಡಿ ಬೇಕಿಲ್ಲ, ಎಣಿಸಿದರೆ ಸಾಕು.

ಇಲ್ಲಿ ಒಂದು ಪದದ ಚರಿತ್ರೆಯನ್ನೂ ಗಮನಿಸಿ. ಲಾರಿಯ ಪರ್ಮಿಟ್ಟಿಗೆ ನಮ್ಮ ಸಾರಿಗೆ ಇಲಾಖೆಯ ಕನ್ನಡ ಪದ ರಹದಾರಿ. ಫಾರ್ಸಿಯಲ್ಲಿ ರಾಹ್ ಎಂದರೆ ದಾರಿ. ಮೊಗಲರ ಆಳ್ವಿಕೆಯಲ್ಲಿ ರಾಹದಾರಿ ಎಂದರೆ ದಾರಿಯಲ್ಲಿ ಸಾಗುವ ಸರಕಿನ ಮೇಲೆ ವಸೂಲಾಗುತ್ತಿದ್ದ ಹಣ. ಔರಂಗಜೇಬ್ ಅದನ್ನು ರದ್ದುಪಡಿಸಲು ಆಜ್ಞೆ ಹೊರಡಿಸಿದ್ದ. ಅಂದು ಹಣದ ಹೆಸರಾಗಿದ್ದುದು ಇಂದು ಅನುಮತಿಯ ಹೆಸರಾಗಿದೆ. ತೆರಿಗೆ ಮತ್ತು ಅನುಮತಿ ಇಂದಿಗೂ ಬಿಡಿಸಲಾಗದಂತೆ ಹೆಣೆದುಕೊಂಡಿರುವುದನ್ನು ಮುಂದೆ ನೋಡೋಣ.

1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರ ಆಡಳಿತದಲ್ಲಿ ನೂರಾರು ಸಣ್ಣಪುಟ್ಟ ತೆರಿಗೆಗಳು ರದ್ದಾದವು, ಬಂಡಿ ಓಡುವಂಥ ರಸ್ತೆಗಳು ನಿರ್ಮಾಣವಾದವು. ಹೇರೆತ್ತುಗಳ ಸಾಲಿನ ಜಾಗಕ್ಕೆ ಬಂಡಿಗಳ ಸಾಲು ಬಂತು. ರಸ್ತೆಯ ದೃಷ್ಟಿಯಿಂದ ಇದು ದೊಡ್ಡ ಬದಲಾವಣೆ. ಎತ್ತಿನ ಗೊರಸಿನಿಂದ ದಾರಿ ಅಷ್ಟಾಗಿ ಕೆಡುವುದಿಲ್ಲ. ಕಬ್ಬಿಣದ ಪಟ್ಟಿ ಹೊಡೆದ ಚಕ್ರದಿಂದ ಕೆಡುತ್ತದೆ.

ಚಕ್ರದ ಅಗಲಕ್ಕೆ ಸುಂಕ

ಚಕ್ರ ರಸ್ತೆಯನ್ನು ಏಕೆ ಕೆಡಿಸುತ್ತದೆ? ಪ್ರೌಢಶಾಲೆಯ ಪಾಠದಿಂದಲೇ ಉತ್ತರ ಆರಂಭಿಸಬಹುದು. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಪ್ರಮಾಣ. ಭಾರ ಅಷ್ಟೇ ಇದ್ದು ಚಕ್ರದ ಅಗಲ ಹೆಚ್ಚಿದರೆ ಒತ್ತಡ ಕಡಿಮೆ. ಇಂಗ್ಲೆಂಡಿನ ಸಂಸತ್ತು 1753ರಲ್ಲೇ ಇದನ್ನು ಕಾನೂನಾಗಿಸಿತು. 9 ಅಂಗುಲ ಅಗಲದ ಚಕ್ರಗಳ ಬಂಡಿಗೆ ಸುಂಕದಲ್ಲಿ ರಿಯಾಯಿತಿ ದೊರೆಯಿತು. ರಸ್ತೆಗೆ ಆಗುವ ಹಾನಿಯನ್ನು ಆಧರಿಸಿ ಸುಂಕ ನಿರ್ಧರಿಸುವ ಆರಂಭದ ಪ್ರಯತ್ನಗಳಲ್ಲಿ ಇದೊಂದು. ಜನ ಇದಕ್ಕೂ ಉಪಾಯ ಕಂಡುಕೊಂಡರು. ಚಕ್ರ ಅಗಲವಾಗಿದ್ದರೂ ಶಂಕುವಿನಾಕಾರದಲ್ಲಿ ಇಳಿಜಾರಾಗಿ ಮಾಡಿದರೆ ನೆಲಕ್ಕೆ ತಾಗುವ ಭಾಗ ಕಿರಿದಾಗಿಯೇ ಉಳಿಯುತ್ತಿತ್ತು. ಅಳತೆ ಚಕ್ರಕ್ಕೆ, ಒತ್ತಡ ರಸ್ತೆಗೆ!

ಆದರೆ ಒತ್ತಡದ ವಾದ ಅರ್ಧ ಸತ್ಯ ಮಾತ್ರ. ಇಂದಿನ ಲಾರಿಗೆ ಗಾಳಿ ತುಂಬಿದ ಟೈರುಗಳಿವೆ. ಹೊರೆ ಹೆಚ್ಚಿದಂತೆ ಟೈರು ಇನ್ನಷ್ಟು ಚಪ್ಪಟೆಯಾಗಿ ಹೆಚ್ಚು ನೆಲಕ್ಕೆ ತಾಗುತ್ತದೆ. ಮೇಲ್ಮೈ ಮೇಲಿನ ಒತ್ತಡ ಸರಿಸುಮಾರು ಟೈರಿನೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಹಾಗಾದರೆ ಎಷ್ಟು ಹೊರೆ ಹೇರಿದರೂ ರಸ್ತೆಗೆ ಏನೂ ಆಗಬಾರದಲ್ಲ? ಫ್ರಾನ್ಸಿನ ಬುಸಿನೆಸ್ಕ್ 1885ರಲ್ಲಿ ಪ್ರಕಟಿಸಿದ ಗಣಿತದಲ್ಲಿ ಇದಕ್ಕೆ ಉತ್ತರವಿದೆ. ಒಂದು ಬಿಂದುವಿನ ಮೇಲೆ ಭಾರವಿಟ್ಟರೆ ಅದರ ನೇರ ಕೆಳಗೆ ನೆಲದಾಳದಲ್ಲಿ ಉಂಟಾಗುವ ಪೀಡನ ಒಟ್ಟು ಭಾರಕ್ಕೆ ಅನುಲೋಮವಾಗಿಯೂ ಆಳದ ವರ್ಗಕ್ಕೆ ವಿಲೋಮವಾಗಿಯೂ ಇರುತ್ತದೆ. ಅಂದರೆ ಡಾಂಬರಿನ ಮೇಲ್ಪದರಕ್ಕೆ ಟೈರಿನ ಒತ್ತಡ ಮುಖ್ಯ. ಕೆಳಗಿನ ಜಲ್ಲಿಗೂ ಮಣ್ಣಿಗೂ ಒಟ್ಟು ಭಾರ ಮುಖ್ಯ. ರಸ್ತೆ ಕುಸಿಯುವುದು ಹೆಚ್ಚಾಗಿ ಕೆಳಗಿನಿಂದ.

ಪೆಟ್ರೋಲೆಂಬ ಅಳತೆಗೋಲು

ಮೋಟಾರು ವಾಹನಗಳ ನೋಂದಣಿಗೂ ಚಾಲಕರ ಅನುಜ್ಞಾಪತ್ರಕ್ಕೂ ಬ್ರಿಟಿಷ್ ಇಂಡಿಯಾದಲ್ಲಿ 1914ರ ಕಾಯಿದೆ ಬುನಾದಿ ಹಾಕಿತು. ರಸ್ತೆಗೆ ಹಣ ಎಲ್ಲಿಂದ ಎಂಬ ಪ್ರಶ್ನೆಯನ್ನು ಎತ್ತಿಕೊಂಡದ್ದು 1927ರಲ್ಲಿ ನೇಮಕವಾದ, ಎಂ. ಆರ್. ಜಯಕರ್ ಅಧ್ಯಕ್ಷತೆಯ ಸಮಿತಿ. ಅದರ ಸಲಹೆಯಂತೆ 1929ರಲ್ಲಿ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ 2 ಆಣೆ ಹೆಚ್ಚುವರಿ ಸುಂಕ ಬಂತು, ಅದರಿಂದ ಕೇಂದ್ರ ರಸ್ತೆ ನಿಧಿ ಹುಟ್ಟಿತು. ಹೆಚ್ಚು ಓಡಿದವನು ಹೆಚ್ಚು ಪೆಟ್ರೋಲು ಸುಡುತ್ತಾನೆ, ಹೆಚ್ಚು ಕೊಡುತ್ತಾನೆ. ದೂರವನ್ನು ಅಳೆಯಲು ಇದು ಚೆನ್ನಾದ ಉಪಾಯ.

ಅದೇ ವೇಳೆಗೆ ಲಾರಿ-ಬಸ್ಸುಗಳು ರೈಲಿನ ಆದಾಯಕ್ಕೆ ಪೆಟ್ಟು ಕೊಡತೊಡಗಿದ್ದವು. 1932ರಲ್ಲಿ ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಇಬ್ಬರು ಅಧಿಕಾರಿಗಳು ಈ ಪೈಪೋಟಿಯ ವಿಚಾರಣೆ ಕೈಗೊಂಡರು. 1939ರ ಮೋಟಾರು ವಾಹನ ಕಾಯಿದೆಯಲ್ಲಿ ಸರಕು ಲಾರಿಗಳಿಗೆ ವಿಸ್ತಾರವಾದ ರಹದಾರಿ ವ್ಯವಸ್ಥೆ ಬಂತು. ಯಾವ ಪ್ರದೇಶದಲ್ಲಿ ಓಡಬಹುದು ಎಂಬುದಕ್ಕೆಲ್ಲ ಷರತ್ತು. ನೆರೆಯ ಪ್ರಾಂತಕ್ಕೆ ಹೋಗಬೇಕಾದರೆ ಅಲ್ಲಿನ ಪ್ರಾಧಿಕಾರದ ಮೇಲುರುಜು. ರಹದಾರಿ ಹುಟ್ಟಿದ್ದು ರಸ್ತೆಯ ರಕ್ಷಣೆಗಿಂತ ಹೆಚ್ಚಾಗಿ ಪೈಪೋಟಿಯ ನಿಯಂತ್ರಣಕ್ಕೆ ಎಂಬುದನ್ನು ನೆನಪಿಡಿ.

ಐದು ಪ್ರದೇಶ, ಒಂದು ಕಾಯಿದೆ

ಸಂವಿಧಾನ ಜಾರಿಗೆ ಬಂದಾಗ ವಾಹನ ತೆರಿಗೆ ರಾಜ್ಯಗಳ ಪಾಲಿಗೆ ಬಂತು. ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯ 57ನೆಯ ನಮೂದು ಅದು. ತೆರಿಗೆಯ ತತ್ತ್ವಗಳು ಮಾತ್ರ ಸಮವರ್ತಿ ಪಟ್ಟಿಯ 35ನೆಯ ನಮೂದಿನಲ್ಲಿವೆ. 1956ರಲ್ಲಿ ಹಳೆಯ ಮೈಸೂರು, ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಮದ್ರಾಸಿಗೆ ಸೇರಿದ್ದ ಪ್ರದೇಶ, ಕೊಡಗು ಒಂದುಗೂಡಿದಾಗ ಒಂದೇ ರಾಜ್ಯದೊಳಗೆ ವಾಹನ ತೆರಿಗೆಗೆ ಬೇರೆ ಬೇರೆ ಕಾನೂನುಗಳು ಉಳಿದವು. ಅವನ್ನು ಒಂದಾಗಿಸಿದ್ದು 1957ರ ಮೈಸೂರು ಮೋಟಾರು ವಾಹನ ತೆರಿಗೆ ಕಾಯಿದೆ. ರಾಜ್ಯದ ಹೆಸರು 1973ರಲ್ಲಿ ಬದಲಾದ ಬಳಿಕ ಅದು ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯಿದೆಯಾಯಿತು.

ಈ ಕಾಯಿದೆಯ ಅಳತೆಗೋಲು ಯಾವುದು? ರಸ್ತೆಯಲ್ಲಿ ಬಳಸಲು ತಕ್ಕುದಾದ ವಾಹನದ ಮೇಲೆ ತೆರಿಗೆ. ನೋಂದಣಿ ಚಾಲ್ತಿಯಲ್ಲಿದ್ದರೆ ವಾಹನ ಬಳಕೆಗೆ ತಕ್ಕುದೆಂದೇ ಭಾವನೆ. ಭಾರೀ ಲಾರಿಗೆ ಹೊರೆ ತುಂಬಿದಾಗಿನ ನೋಂದಾಯಿತ ತೂಕಕ್ಕೆ ಅನುಗುಣವಾಗಿ, ತ್ರೈಮಾಸಿಕದ ಲೆಕ್ಕದಲ್ಲಿ, ಮುಂಗಡವಾಗಿ ಪಾವತಿ. ಅಂದರೆ ಇಲ್ಲಿ ಎರಡು ಚರಾಂಶಗಳಿವೆ: ಒಟ್ಟು ತೂಕ ಮತ್ತು ಕಾಲ. ಓಡಿದ ದೂರ ಇಲ್ಲ. ತೂಕ ಎಷ್ಟು ಅಚ್ಚುಗಳ ಮೇಲೆ ಹಂಚಿದೆ ಎಂಬುದೂ ಇಲ್ಲ. ಅಚ್ಚು ಎಂದರೆ ಲಾರಿಯವರ ಮಾತಿನ ಆಕ್ಸಲ್; ಎರಡು ಬದಿಯ ಚಕ್ರಗಳನ್ನು ಹೊತ್ತ ಅಡ್ಡದಂಡ.

ಇಂದು ನೀವು ಕೆಎ 02 ಫಲಕದ ಲಾರಿ ಕಂಡರೆ ಅದು ರಾಜಾಜಿನಗರದ ಬೆಂಗಳೂರು ಪಶ್ಚಿಮ ಕಚೇರಿಯ ನೋಂದಣಿ. ಕೆಎ 41 ಎಂದರೆ ಕೆಂಗೇರಿ ಕಡೆಯ ಜ್ಞಾನಭಾರತಿ ಕಚೇರಿಯದು. ಅದರ ಮಾಲೀಕ ತೆರಿಗೆಯ ಜೊತೆಗೆ 1988ರ ಮೋಟಾರು ವಾಹನ ಕಾಯಿದೆಯ 66ನೆಯ ಕಲಮಿನ ಪ್ರಕಾರ ರಹದಾರಿಯನ್ನೂ ಪಡೆದಿರಬೇಕು. ಒಟ್ಟು ತೂಕ 3,000 ಕಿಲೋಗ್ರಾಮ್ ಮೀರದ ಸರಕು ವಾಹನಕ್ಕೆ ಇದರಿಂದ ವಿನಾಯಿತಿ. ಸಾಮಾನ್ಯ ರಹದಾರಿಯ ಅವಧಿ 5 ವರ್ಷ.

ಚಾಲಕನ ಅನುಜ್ಞಾಪತ್ರವೂ ತೂಕವನ್ನೇ ಆಧರಿಸಿದೆ. 16.2 ಟನ್ ತೂಕದ ಲಾರಿ ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 22.5 ಲಕ್ಷ ಜೂಲ್. ಅದೇ ವೇಗದ 1 ಟನ್ ಕಾರಿನದು ಸುಮಾರು 1.4 ಲಕ್ಷ ಜೂಲ್. ನಿಲ್ಲಿಸುವಾಗ ಇದರ ಬಹುಪಾಲು ಬ್ರೇಕಿನಲ್ಲಿ ಶಾಖವಾಗಬೇಕು. ಪ್ರತ್ಯೇಕ ಅನುಜ್ಞಾಪತ್ರ ಏಕೆಂಬುದಕ್ಕೆ ಇಷ್ಟು ಸಾಕು. ಮೊದಲು ಮಧ್ಯಮ ಮತ್ತು ಭಾರೀ ಸರಕು ವಾಹನಗಳಿಗೆ ಬೇರೆ ಬೇರೆ ವರ್ಗಗಳಿದ್ದವು. 1994ರ ತಿದ್ದುಪಡಿ ಅವನ್ನೆಲ್ಲ ಸಾರಿಗೆ ವಾಹನ ಎಂಬ ಒಂದೇ ವರ್ಗಕ್ಕೆ ಸೇರಿಸಿತು. 7,500 ಕಿಲೋಗ್ರಾಮಿಗಿಂತ ಕಡಿಮೆ ತೂಕದ ಸಾರಿಗೆ ವಾಹನವನ್ನು ಲಘು ವಾಹನದ ಅನುಜ್ಞಾಪತ್ರದಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರಲ್ಲಿ ಹೇಳಿತು.

ಒಟ್ಟಾವದ ಪಾಠ

ನಮ್ಮ ತೆರಿಗೆ ಕಾಯಿದೆ ಹೊಸದಾಗಿದ್ದಾಗಲೇ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವ ಎಂಬ ಊರಿನ ಬಳಿ ಒಂದು ದೊಡ್ಡ ಪ್ರಯೋಗ ನಡೆಯಿತು. ಬಗೆಬಗೆಯ ದಪ್ಪದ ರಸ್ತೆಗಳನ್ನು ಉಂಗುರದಂತೆ ನಿರ್ಮಿಸಿ, ಒಂದೊಂದರ ಮೇಲೂ ನಿಗದಿಯಾದ ಅಚ್ಚುಭಾರದ ಲಾರಿಗಳನ್ನು 1958ರ ನವೆಂಬರಿನಿಂದ ಸುಮಾರು 2 ವರ್ಷ ಓಡಿಸಿದರು. ಓಡಿಸಿದವರು ಸೇನೆಯ ಚಾಲಕರು. ಒಟ್ಟು ಸುಮಾರು 11 ಲಕ್ಷ ಅಚ್ಚುಗಳು ಹಾದುಹೋದವು. ವೆಚ್ಚ ಸುಮಾರು 2.7 ಕೋಟಿ ಡಾಲರು.

ಫಲಿತಾಂಶ ಎಲ್ಲರನ್ನೂ ಯೋಚನೆಗೆ ಹಚ್ಚಿತು. ರಸ್ತೆಗಾಗುವ ಹಾನಿ ಅಚ್ಚುಭಾರದ ಸುಮಾರು ನಾಲ್ಕನೆಯ ಘಾತಕ್ಕೆ ಅನುಲೋಮವಾಗಿತ್ತು. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ಹಾನಿ ಎರಡು ಪಟ್ಟಲ್ಲ, 16 ಪಟ್ಟು! ಇದು ನ್ಯೂಟನ್ನನ ನಿಯಮದಂಥ ನಿಯಮವಲ್ಲ. ಪ್ರಯೋಗದ ಅಂಕಿಗಳಿಂದ ಹೊಮ್ಮಿದ ಸಂಬಂಧ. ರಸ್ತೆಯ ಬಗೆಗೆ ತಕ್ಕಂತೆ ಘಾತಾಂಕ ಬದಲಾಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 37 ಎಂಬ ಮಾರ್ಗಸೂಚಿಯಲ್ಲಿ ಡಾಂಬರು ಪದರ ಬಿರುಕುಬಿಡುವ ಸಮೀಕರಣದ ಘಾತಾಂಕ 3.89, ಚಕ್ರದ ಜಾಡು ಕುಸಿಯುವ ಸಮೀಕರಣದ್ದು 4.5337. ನಾಲ್ಕರ ಎರಡೂ ಬದಿಗೆ ಒಂದೊಂದು. ತಂತಿಯನ್ನು ಒಮ್ಮೆ ಬಗ್ಗಿಸಿದರೆ ತುಂಡಾಗುವುದಿಲ್ಲ, ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುತ್ತದೆ. ಹೆಚ್ಚು ಬಗ್ಗಿಸಿದಷ್ಟೂ ಬೇಗ. ರಸ್ತೆಯ ಕಥೆಯೂ ಇದೇ. ಇದನ್ನು ಬಳಲಿಕೆ ಎನ್ನುತ್ತಾರೆ.

ಹಾನಿಯನ್ನು ಹೋಲಿಸಲು 18,000 ಪೌಂಡಿನ, ಅಂದರೆ 8.16 ಟನ್ನಿನ ಒಂಟಿ ಅಚ್ಚನ್ನು ಪ್ರಮಾಣಕವಾಗಿ ಇಟ್ಟುಕೊಂಡರು. ಐಆರ್‌ಸಿ 37 ಮೊದಲು 1970ರಲ್ಲಿ ಬಂದಾಗ ವಾಹನಗಳ ಸಂಖ್ಯೆಯನ್ನು ಎಣಿಸುತ್ತಿತ್ತು. 1984ರ ಪರಿಷ್ಕರಣೆಯಿಂದ ಪ್ರಮಾಣಕ ಅಚ್ಚುಗಳನ್ನು ಎಣಿಸತೊಡಗಿತು. ಎಂಜಿನಿಯರರು ರಸ್ತೆಯ ಲೆಕ್ಕಕ್ಕೆ ಬಂದರು. ತೆರಿಗೆಯವರು ಹಳೆಯ ಲೆಕ್ಕದಲ್ಲೇ ಉಳಿದರು.

ತರಗತಿಯಲ್ಲಿ ಮಾಡಬಹುದಾದ ಲೆಕ್ಕ

1996ರ ಅಧಿಸೂಚನೆಯಂತೆ ನಾಲ್ಕು ಟೈರುಗಳ ಹಿಂದಿನ ಅಚ್ಚಿಗೆ 10.2 ಟನ್, ಮುಂದಿನ ಅಚ್ಚಿಗೆ 6 ಟನ್ ಮಿತಿ ಇತ್ತು; ಎರಡು ಅಚ್ಚಿನ ಲಾರಿಗೆ ಒಟ್ಟು 16.2 ಟನ್. 10.2ನ್ನು 8.16ರಿಂದ ಭಾಗಿಸಿದರೆ 1.25, ಅದರ ನಾಲ್ಕನೆಯ ಘಾತ 2.44. ಕಾನೂನುಬದ್ಧ ಹಿಂದಿನ ಅಚ್ಚೊಂದು ಹಾದುಹೋದರೆ ರಸ್ತೆಯ ಖಾತೆಗೆ 2.44 ಪ್ರಮಾಣಕ ಅಚ್ಚು ಜಮೆ. ಇನ್ನು 1 ಟನ್ ಕಾರಿನ ಒಂದು ಅಚ್ಚಿನ ಮೇಲೆ ಅರ್ಧ ಟನ್. 10.2 ಅದರ 20.4 ಪಟ್ಟು. ನಾಲ್ಕನೆಯ ಘಾತ ಸುಮಾರು 1.73 ಲಕ್ಷ. ಒಂದು ಲಾರಿಯ ಹಿಂದಿನ ಅಚ್ಚು ಕಾರಿನ 1.73 ಲಕ್ಷ ಅಚ್ಚುಗಳಿಗೆ ಸಮ!

ಈಗ ಮಿತಿ ಮೀರಿದ ಲಾರಿಯನ್ನು ನೋಡಿ. ಮೈಸೂರು ರಸ್ತೆಯಲ್ಲಿ ಜಲ್ಲಿಯನ್ನೋ ಎಂ-ಸ್ಯಾಂಡನ್ನೋ ಹೇರಿಕೊಂಡು ಬರುವ ಲಾರಿಯ ಹಿಂದಿನ ಅಚ್ಚಿನ ಮೇಲೆ 15 ಟನ್ ಬಿದ್ದಿದೆ ಎಂದುಕೊಳ್ಳೋಣ. ಅದರ ಹಾನಿ 11.4 ಪ್ರಮಾಣಕ ಅಚ್ಚಿನಷ್ಟು. ಭಾರ ಮಿತಿಯ ಒಂದೂವರೆ ಪಟ್ಟೂ ಆಗಿಲ್ಲ. ಹಾನಿ ಸುಮಾರು ಐದು ಪಟ್ಟಿಗೆ ಹತ್ತಿರ. ಆದರೆ ತ್ರೈಮಾಸಿಕ ತೆರಿಗೆ ನೋಂದಾಯಿತ ತೂಕಕ್ಕೆ ಒಮ್ಮೆ ಕಟ್ಟಿ ಮುಗಿದಿದೆ. ರಹದಾರಿ ಶುಲ್ಕವೂ ಕಟ್ಟಿ ಮುಗಿದಿದೆ. ಹೆಚ್ಚುವರಿ ಹೇರಿದ ಒಂದೊಂದು ಟನ್ನೂ ಮಾಲೀಕನಿಗೆ ಬರೀ ಲಾಭ. ನಿಗದಿತ ಮೊತ್ತದ ತೆರಿಗೆ ತಿಳಿಯದೆಯೇ ಹೆಚ್ಚು ಹೇರಲು ಪ್ರೇರಣೆ ಕೊಡುತ್ತದೆ. ಬ್ರೇಕು ನಿಲ್ಲದಿದ್ದಾಗ ಅಪಾಯ ಎದುರಿಸುವವನು ಚಾಲಕ. ಹಿಂದಿನಿಂದ ಬರುವ ದ್ವಿಚಕ್ರದವನು ಗುಂಡಿಗೆ ಬೀಳುತ್ತಾನೆ.

ದಂಡ ತೆತ್ತು ಹೆಚ್ಚಿನ ಹೊರೆಯನ್ನು ಹಾಗೇ ಒಯ್ಯಲು ಬಿಡುವಂತಿಲ್ಲ, ಇಳಿಸಲೇಬೇಕು ಎಂದು ಸುಪ್ರೀಂ ಕೋರ್ಟು 2005ರಲ್ಲಿ ಸ್ಪಷ್ಟಪಡಿಸಿತು. 2019ರ ತಿದ್ದುಪಡಿ ದಂಡವನ್ನು 20,000 ರೂಪಾಯಿಗೂ, ಹೆಚ್ಚುವರಿ ಟನ್ನಿಗೆ 2,000 ರೂಪಾಯಿಗೂ ಏರಿಸಿತು. ಆದರೆ ಅದಕ್ಕೆ ಮುಂಚೆ 2018ರಲ್ಲಿ ಕೇಂದ್ರ ಸರ್ಕಾರ ಮಿತಿಯನ್ನೇ ಏರಿಸಿತ್ತು: ಹಿಂದಿನ ಅಚ್ಚಿಗೆ 11.5 ಟನ್, ಮುಂದಿನದಕ್ಕೆ 7 ಟನ್. ಸಾಗಣೆ ವೆಚ್ಚ ತಗ್ಗಿಸುವುದು ಉದ್ದೇಶ. ಹಿಂದಿನ ಅಚ್ಚಿನ ಮಿತಿ ಏರಿದ್ದು ಶೇಕಡ 13ರಷ್ಟು. ನಾಲ್ಕನೆಯ ಘಾತದ ಪ್ರಕಾರ ಹಾನಿ ಏರುವುದು ಶೇಕಡ 62ರಷ್ಟು.

ಪರಿಹಾರವೂ ಇದೇ ಲೆಕ್ಕದಲ್ಲಿದೆ. ಹಳೆಯ ಮಿತಿಯಲ್ಲಿ ಎರಡು ಅಚ್ಚಿನ ಲಾರಿ ಸುಮಾರು 10 ಟನ್ ಸರಕು ಒಯ್ದು ಒಟ್ಟು 3.1 ಪ್ರಮಾಣಕ ಅಚ್ಚಿನಷ್ಟು ಹಾನಿ ಮಾಡುತ್ತಿತ್ತು. ಹಿಂದೆ ಜೋಡಿ ಅಚ್ಚಿರುವ 25 ಟನ್ನಿನ ಲಾರಿ ಸುಮಾರು 16 ಟನ್ ಸರಕು ಒಯ್ದು ಮಾಡುವ ಹಾನಿ 3.2ರಷ್ಟು. ಟನ್ ಸರಕಿಗೆ ಹಾನಿ 0.31ರಿಂದ 0.2ಕ್ಕೆ ಇಳಿಯಿತು. ಅಂದರೆ ಹೆಚ್ಚು ತೂಕದ ಲಾರಿ ರಸ್ತೆಗೆ ಹೆಚ್ಚು ಸೌಮ್ಯ, ತೂಕ ಹೆಚ್ಚು ಅಚ್ಚುಗಳಿಗೆ ಹಂಚಿದ್ದರೆ. ಒಟ್ಟು ತೂಕಕ್ಕೆ ತೆರಿಗೆ ಹಾಕುವ ಪದ್ಧತಿ ಈ ಸೌಮ್ಯ ಲಾರಿಗೇ ಹೆಚ್ಚು ತೆರಿಗೆ ಹಾಕುತ್ತದೆ.

ನ್ಯಾಷನಲ್ ಪರ್ಮಿಟ್, ಟೋಲು, ನ್ಯಾಯಾಲಯ

ರಾಜ್ಯ ರಾಜ್ಯಕ್ಕೂ ಮೇಲುರುಜು ಪಡೆಯುವ ಕಷ್ಟ ನೀಗಿಸಲು 1975ರಲ್ಲಿ ನ್ಯಾಷನಲ್ ಪರ್ಮಿಟ್ ಬಂತು. ಮುಂದೆಯೂ ಹಿಂದೆಯೂ ದೊಡ್ಡದಾಗಿ ಆ ಪದಗಳನ್ನು ಬರೆಸಿಕೊಂಡ, ಒಣಗಿದ ಎಲೆಯ ಕಂದು ಬಣ್ಣದ ಲಾರಿಗಳನ್ನು ತುಮಕೂರು ರಸ್ತೆಯಲ್ಲಿ ನೀವು ನೋಡಿರುತ್ತೀರಿ. ಆ ಬಣ್ಣ ನಿಯಮದಲ್ಲೇ ಇತ್ತು. ಒಂದೊಂದು ರಾಜ್ಯಕ್ಕೆ ವರ್ಷಕ್ಕೆ 5,000 ರೂಪಾಯಿಯಂತೆ ಕಟ್ಟಬೇಕಿದ್ದ ಪದ್ಧತಿ 2010ರ ಮೇ ತಿಂಗಳಲ್ಲಿ ಕೊನೆಗೊಂಡಿತು. ಇಡೀ ದೇಶಕ್ಕೆ ಒಟ್ಟಾಗಿ 15,000 ರೂಪಾಯಿ ಆಯಿತು, 2012ರಲ್ಲಿ 16,500. ಮಾಲೀಕರಿಗೆ ದೊಡ್ಡ ಅನುಕೂಲ. ಆದರೆ ವರ್ಷಕ್ಕೆ ಒಂದು ಲಕ್ಷ ಕಿಲೋಮೀಟರು ಓಡಿದರೂ, ಅದರ ಕಾಲುಭಾಗ ಓಡಿದರೂ ಮೊತ್ತ ಒಂದೇ.

ದೂರ ಮತ್ತು ಅಚ್ಚು ಎರಡನ್ನೂ ಎಣಿಸುವುದು ಹೆದ್ದಾರಿಯ ಟೋಲು. ರಾಷ್ಟ್ರೀಯ ಹೆದ್ದಾರಿಗಳ 2008ರ ನಿಯಮಗಳಲ್ಲಿ ಮೂಲ ದರ ಕಿಲೋಮೀಟರಿಗೆ ಕಾರಿಗೆ 65 ಪೈಸೆ, ಲಾರಿಗೆ 2 ರೂಪಾಯಿ 20 ಪೈಸೆ. ಅನುಪಾತ 3.4. ರಸ್ತೆಯ ಲೆಕ್ಕದ ಅನುಪಾತ ಲಕ್ಷಗಳಲ್ಲಿ.

ಕಾನೂನಿನಲ್ಲೂ ಈ ಪ್ರಶ್ನೆ ಚರ್ಚೆಯಾಗಿದೆ. ರಾಜಸ್ಥಾನದ ಸಾರಿಗೆ ಸಂಸ್ಥೆಯೊಂದರ ಮೊಕದ್ದಮೆಯಲ್ಲಿ 1962ರಲ್ಲಿ ಸುಪ್ರೀಂ ಕೋರ್ಟು, ವಾಹನ ತೆರಿಗೆ ರಸ್ತೆಯ ಬಳಕೆಗೆ ಕೊಡುವ ಪರಿಹಾರದ ಸ್ವರೂಪದ್ದು, ಆದ್ದರಿಂದ ಅದು ಮುಕ್ತ ವ್ಯಾಪಾರಕ್ಕೆ ಅಡ್ಡಿಯಲ್ಲ ಎಂದಿತು. 2016ರಲ್ಲಿ 9 ನ್ಯಾಯಮೂರ್ತಿಗಳ ಪೀಠ ಈ ಪರಿಹಾರ ತತ್ತ್ವವನ್ನೇ ಕೈಬಿಟ್ಟಿತು. ಹೀಗಾಗಿ ತೆರಿಗೆ ಹಾನಿಗೆ ಸರಿಹೊಂದಬೇಕೆಂದು ಕಾನೂನು ಒತ್ತಾಯಿಸುವುದಿಲ್ಲ. ಆ ಒತ್ತಾಯ ಬರಬೇಕಾದರೆ ಲೆಕ್ಕ ಬಲ್ಲ ನಾಗರಿಕರಿಂದ ಬರಬೇಕು.

ಹಾಗಾದರೆ ಲಾರಿಗೆ ಕಾರಿನ ಲಕ್ಷಪಟ್ಟು ತೆರಿಗೆಯೇ? ಖಂಡಿತ ಅಲ್ಲ. ರಸ್ತೆಯ ಖರ್ಚೆಲ್ಲ ಅಚ್ಚುಭಾರದಿಂದ ಬರುವುದಿಲ್ಲ. ಭೂಮಿ, ಅಗಲ, ಸೇತುವೆ, ದೀಪ ಇವುಗಳ ಖರ್ಚಿನಲ್ಲಿ ಕಾರುಗಳ ದಟ್ಟಣೆಯ ಪಾಲು ದೊಡ್ಡದು. ರಸ್ತೆಯ ದಪ್ಪವನ್ನು ಸ್ವಲ್ಪ ಹೆಚ್ಚಿಸಿದರೆ ಅದು ತಾಳಿಕೊಳ್ಳುವ ಅಚ್ಚುಗಳ ಸಂಖ್ಯೆ ಹಲವು ಪಟ್ಟು ಏರುತ್ತದೆ. ಚರಂಡಿ ಕಟ್ಟಿಕೊಂಡು ನೀರು ಬುನಾದಿಗೆ ಇಳಿದರೆ ಲಾರಿಯೇ ಬಾರದ ಗಲ್ಲಿಯ ರಸ್ತೆಯೂ ಕೀಳುತ್ತದೆ. ಅದಕ್ಕೆ ಲಾರಿಯನ್ನು ದೂರಿ ಫಲವಿಲ್ಲ. ಲಾರಿ ಹೊತ್ತು ತರುವುದು ನಮ್ಮದೇ ಅಕ್ಕಿ, ಸಿಮೆಂಟು.

ಆದರೆ ಲಾರಿ ಲಾರಿಗಳ ನಡುವಿನ ನ್ಯಾಯ ಸಾಧ್ಯ. ಅಮೆರಿಕದ ಆರೆಗನ್ ರಾಜ್ಯ 1947ರಿಂದ ತೂಕ ಮತ್ತು ದೂರ ಎರಡನ್ನೂ ಸೇರಿಸಿ ತೆರಿಗೆ ಹಾಕುತ್ತಿದೆ. ದೊಡ್ಡ ಲಾರಿಗಳಿಗೆ ಅಚ್ಚುಗಳ ಸಂಖ್ಯೆ ಹೆಚ್ಚಿದಂತೆ ದರ ಇಳಿಯುತ್ತದೆ. ನ್ಯೂಜಿಲೆಂಡ್ 1978ರಿಂದ ರಸ್ತೆ ಬಳಕೆಯ ಶುಲ್ಕವನ್ನು ಇದೇ ರೀತಿ ಎಣಿಸುತ್ತಿದೆ. ಜರ್ಮನಿ 2005ರಲ್ಲಿ ದೂರ ಆಧಾರಿತ ಲಾರಿ ಟೋಲು ಆರಂಭಿಸಿತು. ನಮ್ಮಲ್ಲೂ ಫಾಸ್ಟ್ಯಾಗ್ 2021ರ ಫೆಬ್ರವರಿಯಿಂದ ರಾಷ್ಟ್ರೀಯ ಹೆದ್ದಾರಿಯ ಟೋಲಿಗೆ ಕಡ್ಡಾಯವಾಗಿದೆ. ಚಲಿಸುವ ವಾಹನದ ಅಚ್ಚುಗಳನ್ನು ತೂಗುವ ಸಾಧನಗಳೂ ಇವೆ. ಅಳೆಯಲು ಕಷ್ಟ ಎಂಬ ಹಳೆಯ ಕಾರಣ ಈಗ ಉಳಿದಿಲ್ಲ.

ಶಿಕ್ಷಕರಿಗೊಂದು ಸೂಚನೆ. ನಾಯಂಡಹಳ್ಳಿಯ ಬಳಿಯೋ ನಿಮ್ಮೂರಿನ ಹೆದ್ದಾರಿಯ ಪಕ್ಕದಲ್ಲೋ ಸುರಕ್ಷಿತ ಜಾಗದಲ್ಲಿ ವಿದ್ಯಾರ್ಥಿಗಳನ್ನು ಒಂದು ಗಂಟೆ ನಿಲ್ಲಿಸಿ. ಹಾದುಹೋಗುವ ಕಾರು, ಎರಡು ಅಚ್ಚಿನ ಲಾರಿ, ಜೋಡಿ ಅಚ್ಚಿನ ಲಾರಿಗಳನ್ನು ಎಣಿಸಲಿ. ಎಲ್ಲ ಲಾರಿಗಳೂ ಮಿತಿಯಷ್ಟೇ ಹೇರಿವೆ ಎಂದುಕೊಂಡು ಪ್ರಮಾಣಕ ಅಚ್ಚುಗಳ ಮೊತ್ತ ಕಂಡುಹಿಡಿಯಲಿ. ಆಮೇಲೆ ಹತ್ತರಲ್ಲಿ ಒಂದು ಲಾರಿ ಮಾತ್ರ ಹಿಂದಿನ ಅಚ್ಚಿನ ಮೇಲೆ 15 ಟನ್ ಹೇರಿದ್ದರೆ ಮೊತ್ತ ಎಷ್ಟಾಗುತ್ತದೆಂದು ನೋಡಲಿ. ಘಾತ ಎಂದರೇನೆಂದು ಕಪ್ಪುಹಲಗೆಯ ಮುಂದೆ ಅರ್ಥವಾಗದ ಮಕ್ಕಳಿಗೂ ಅಲ್ಲಿ ಅರ್ಥವಾಗುತ್ತದೆ. ಸುಂಕದಕಟ್ಟೆಯಲ್ಲಿ ಹೇರು ಎಣಿಸುವಷ್ಟೇ ಸುಲಭದ ಕೆಲಸ ಅದು. ಎಣಿಸಬೇಕಾದ್ದು ಅಚ್ಚುಗಳನ್ನು, ಅಷ್ಟೇ.